ಕುದುರೆ ಕಾಲಡಿಯ ಲಗ್ನಪತ್ರಿಕೆ

ಐವತ್ತು ದಾಟಿದವನು ಅಟ್ಟ ಹತ್ತಿದರೆ, ಹುಡುಕಲು ಹೋದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ನಾನು ಹತ್ತಿದ್ದು ನಮ್ಮ ಲಗ್ನಪತ್ರಿಕೆಗಾಗಿ. ಇಳಿದದ್ದು ಒಂದು ಅಶ್ವದಳದ ಸಮೇತ. ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಸಾವಿತ್ರಿ, ನನ್ನ ಕಂಕುಳಲ್ಲಿದ್ದ ಬಿಸ್ಕತ್ತಿನ ತಗಡು ಡಬ್ಬಿಯನ್ನು ಕಂಡವಳೇ ಏಣಿಯನ್ನು ಬಿಟ್ಟುಬಿಟ್ಟಳು.

"ಆ ಕುದ್ರೆಗೊಳ್ನ ಇನ್ನೂ ಮಡೀಕಂಡಿದ್ದೀರಾ? ಗುಜ್ರಿಯವ್ನಿಗೆ ಆಕ್ಬುಟ್ಟೆ ಅನ್ಕಂಡಿದ್ನಲ್ಲ!"

ಹಾಕುವ ಪ್ರಯತ್ನವೊಂದು ನಡೆದಿತ್ತು ಎಂಬುದು ನನಗೆ ಗೊತ್ತಾದದ್ದೇ ಆಗ. ಏಣಿಯ ಮೇಲೆ ನಿಂತವನು ಹೆಂಡತಿಯೊಡನೆ ವಾದಕ್ಕಿಳಿಯಬಾರದು, ಮೊದಲು ನೆಲಕ್ಕಿಳಿದೆ.

ಲಗ್ನಪತ್ರಿಕೆ ಬೇಕಾದದ್ದು ನನ್ನದೇ ಚಿಂತೆಯಿಂದ. ನಾನು ಮದ್ದೂರಿನ ಒಂದು ವಿಮಾ ಕಚೇರಿಯ ಗುಮಾಸ್ತ. ಜನರಿಗೆ ಅವರವರ ಸಾವನ್ನು ವಿನಯದಿಂದ ನೆನಪಿಸುವುದು ನನ್ನ ಕೆಲಸ. ಸಂಜೆ ಕಚೇರಿಯ ಬಾಗಿಲು ಮುಚ್ಚುತ್ತದೆ, ಚಿಂತೆ ಮಾತ್ರ ನನ್ನ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತದೆ. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ನಮ್ಮ ಮದುವೆ ಎಲ್ಲೂ ನೋಂದಣಿಯಾಗಿಲ್ಲ! ನಾಳೆ ನಾನು ಹೋದರೆ, ಸಾವಿತ್ರಿ ನನ್ನ ಹೆಂಡತಿ ಎಂಬುದಕ್ಕೆ ಏನು ಆಧಾರ? ಪಿಂಚಣಿಯ ಗತಿಯೇನು? ಈ ಮಾತನ್ನು ಅವಳಿಗೆ ಹೇಳಿ ಕಣ್ಣೊರೆಸಿಕೊಂಡೆ. ಅವಳ ಕಣ್ಣೂ ಒದ್ದೆಯಾದೀತೆಂದು ಕಾದೆ.

"ಔದಾ? ಅಂಗಾರೆ ನಾಳೇನೇ ಮಾಡ್ಸ್ಬುಡಿ," ಎಂದು ಅವಳು ಉಪ್ಪಿಟ್ಟು ತಿರುವಿದಳು.

ನೋಂದಣಿ ಕಚೇರಿಯಾತ ಸರಳ ಮನುಷ್ಯ. "ಲಗ್ನಪತ್ರಿಕೆ ಒಂದ್ ತಂದ್ಬುಡಿ ಸಾ. ಜೆರಾಕ್ಸೋ ಫೋಟೋನೋ ಯಾವ್ದಾರಾ ಆಯ್ತದೆ. ಎಣ್ಣಿನ್ ಎಸ್ರು, ಗಂಡಿನ್ ಎಸ್ರು ಎಲ್ಡೂ ಕಾಣ್ಬೇಕು, ಅಷ್ಟೆ," ಎಂದ. ಕೆರಗೋಡಿನ ಭಾವಮೈದುನನಿಗೆ ಫೋನು ಮಾಡಿದೆ. ಅವನು ನಕ್ಕ ರೀತಿ ನೋಡಿದರೆ, ಊಟ ಮುಗಿದ ಮೇಲೂ ಅಕ್ಕನ ಲಗ್ನಪತ್ರಿಕೆಯನ್ನು ಇಟ್ಟುಕೊಳ್ಳುವ ಮನುಷ್ಯರು ಇರುತ್ತಾರೆಂದು ಅವನು ಕೇಳಿಯೇ ಇರಲಿಲ್ಲ. ಹಾಗಾಗಿ ಅಟ್ಟ.

ಈಗ ಕುದುರೆಗಳ ವಿಷಯ. ನಿಜವಾದ ಕುದುರೆಯ ಹತ್ತಿರ ನಾನು ಹೋಗಿಲ್ಲ. ಮುಂದೆ ನಿಂತರೆ ಕಚ್ಚುತ್ತದೆ, ಹಿಂದೆ ನಿಂತರೆ ಒದೆಯುತ್ತದೆ, ಮೇಲೆ ಕೂತರೆ ಬೀಳಿಸುತ್ತದೆ. ಇವು ಹೆಬ್ಬೆರಳೆತ್ತರದ ಸೀಸದ ಕುದುರೆಗಳು. ಪುಟ್ಟ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕುತ್ತ, ಹಳೆಯ ಯುದ್ಧಗಳನ್ನು ಮತ್ತೆ ಕಾದಾಡುವ ಆಟವೊಂದಿದೆ. ನಮ್ಮ ಸೀಮೆಯಲ್ಲಿ ಅದನ್ನು ಆಡುತ್ತಿದ್ದವರು ನಾವಿಬ್ಬರೇ ಇರಬೇಕು: ನಾನು ಮತ್ತು ನನ್ನ ಸಹಪಾಠಿ ಇನಾಯತ್. ಇನಾಯತ್‌ಗೆ ಆಗ ಮದ್ದೂರಿನಲ್ಲಿ ರೇಡಿಯೇಟರ್ ರಿಪೇರಿ ಅಂಗಡಿಯಿತ್ತು. ಎಲ್ಲಿಂದಲೋ ಒಂದೇ ಒಂದು ಕುದುರೆ ಸವಾರನ ಬೊಂಬೆ ಸಂಪಾದಿಸಿ, ಅಚ್ಚು ತೆಗೆದು, ಸೋಮನಹಳ್ಳಿಯ ಗುಜರಿಯಿಂದ ತಂದ ಹಳೇ ಬ್ಯಾಟರಿಗಳ ಸೀಸ ಕರಗಿಸಿ, ಇಡೀ ಅಶ್ವದಳವನ್ನೇ ಎರೆದೆವು; ಕಾಲಾಳುಗಳನ್ನು ಮಾತ್ರ ಜೇಡಿಮಣ್ಣಿನಲ್ಲಿ ಕೈಯಿಂದಲೇ ತಿದ್ದಿದೆವು. ಅಚ್ಚು ಒಂದೇ ಆದ್ದರಿಂದ ಎಲ್ಲ ಕುದುರೆಗಳೂ ಅದೇ ಬಲಗಾಲನ್ನು ಅಷ್ಟೇ ಎತ್ತಿವೆ. ಡ್ರಿಲ್ ಮೇಷ್ಟ್ರು ಸೀಟಿ ಊದಿ ಚಹಕ್ಕೆ ಹೋದ ಹಾಗಿದೆ.

ನಾವು ಆಡುತ್ತಿದ್ದುದು ಮಳವಳ್ಳಿಯ ಕಾಳಗ. ಅಲ್ಲಿ ಮೈಸೂರಿನ ಪಡೆ ಇಂಗ್ಲಿಷರಿಗೆ ಸೋತಿತೆಂಬುದು ಪುಸ್ತಕದವರ ಮಾತು, ನಾವು ಒಪ್ಪಿರಲಿಲ್ಲ. ತೊಂದರೆಯೆಂದರೆ ಇಂಗ್ಲಿಷರಾಗಲು ಇಬ್ಬರೂ ಸಿದ್ಧರಿರಲಿಲ್ಲ. ಕೊನೆಗೆ ಸರದಿ ಮಾಡಿಕೊಂಡೆವು. ಕುದುರೆ ಒಂದು ಸಲಕ್ಕೆ ಎರಡು ಗೇಣು ಓಡಬೇಕು, ಕಾಲಾಳು ನಾಲ್ಕು ಬೆರಳು. ಇನಾಯತ್‌ನ ಗೇಣು ನನ್ನದಕ್ಕಿಂತ ದೊಡ್ಡದು. ಸಾಮ್ರಾಜ್ಯಗಳು ಉರುಳಲು ಇಂಥವೇ ಕಾರಣ. ಇತಿಹಾಸಕಾರರು ಯಾಕೋ ಗೇಣಿನ ಕಡೆ ಗಮನ ಕೊಟ್ಟಿಲ್ಲ. ಸೋತವನು ಗೆದ್ದವನಿಗೆ ಒಂದು ಕುದುರೆಯನ್ನು ಕಪ್ಪವಾಗಿ ಒಪ್ಪಿಸಬೇಕೆಂಬುದು ನಮ್ಮ ಕಾನೂನು. ಕಡೆಯ ಆಟದಲ್ಲಿ ನಾನು ಮೈಸೂರು, ಅವನು ಇಂಗ್ಲಿಷರು. ಗೆದ್ದವನು ನನ್ನ ದಳಪತಿಯ ಬಿಳಿ ಕುದುರೆಯನ್ನು ಜೇಬಿಗಿಳಿಸಿದ. ಆಮೇಲೆ ಅಂಗಡಿಯನ್ನು ಮಳವಳ್ಳಿಗೆ ಸಾಗಿಸಿದ. ಫೋನುಗಳು ರಂಜಾನಿಗೊಂದು, ಯುಗಾದಿಗೊಂದು ಎಂಬಲ್ಲಿಗೆ ಬಂದು, ಮೆಲ್ಲಗೆ ಅದೂ ನಿಂತಿತು. ಜಗಳವೇನೂ ಇರಲಿಲ್ಲ. ಆಟವಿರಲಿಲ್ಲ, ಅಷ್ಟೆ.

ಡಬ್ಬಿಯನ್ನು ಊಟದ ಮೇಜಿನ ಮೇಲೆ ತೆರೆದೆ. ಭತ್ತದ ಹುಲ್ಲಿನ ಮೇಲೆ ಕುದುರೆಗಳು ಮಲಗಿದ್ದವು. ಒಂದನ್ನು ಎತ್ತಿ, ಕಾಲು ಮುರಿದಿದೆಯೇ ಎಂದು ತಿರುಗಿಸಿದೆ. ಅಡಿಯಲ್ಲಿ ಬಂಗಾರದ ಅಕ್ಷರ: "ಉಡುಗೊರೆಗಳನ್ನು ದಯವಿಟ್ಟು". ಇನ್ನೊಂದನ್ನು ತಿರುಗಿಸಿದೆ: "ತರಬೇಡಿ".

ನಮ್ಮದೇ ಲಗ್ನಪತ್ರಿಕೆ! ಕುದುರೆಗಳು ನಿಲ್ಲಲು ಕಾಲಡಿಗೆ ದಪ್ಪ ರಟ್ಟು ಬೇಕಲ್ಲ, ಅದಕ್ಕೆ ನಾನು ಲಗ್ನಪತ್ರಿಕೆಗಳನ್ನು ಕತ್ತರಿಸುತ್ತಿದ್ದೆ. ಕಾಲಾಳುಗಳಿಗೆ ಊರವರ ಮದುವೆಗಳು ಸಾಕಾಗುತ್ತಿದ್ದವು. ಮುಂಚೂಣಿಯ ದಳಕ್ಕೆ ಮಾತ್ರ ನಮ್ಮ ಮಾವನವರು ಮಾಡಿಸಿದ ರಟ್ಟಿನಂಥದ್ದು ಬೇರೆಲ್ಲೂ ಸಿಕ್ಕಿರಲಿಲ್ಲ. ಅದು ಮನೆಯಲ್ಲಿ ಉಳಿದಿದ್ದ ಕಡೆಯ ಪ್ರತಿಯೆಂದು ನನಗೇನು ಗೊತ್ತು?

ಸಾವಿತ್ರಿ ಬೈಯಲಿಲ್ಲ, ಅದು ಬೈಗುಳಕ್ಕಿಂತ ಭಯಂಕರ. "ಕಿತ್ತಾಕಿ ಜೋಡ್ಸಿ," ಎಂದಳು. ಕಿತ್ತರೆ ಕಾಲುಗಳೂ ಬರುತ್ತವೆ ಎಂದು ಗೋಗರೆದೆ. ಅವಳು ನನ್ನನ್ನೂ ಕುದುರೆಗಳನ್ನೂ ಒಂದೇ ಕರುಣೆಯಿಂದ ನೋಡಿದಳು. ಆಮೇಲೆ ಅಕ್ಕಿ ತುಂಬಿದ ಮೊರವನ್ನು ತಂದು, ಒಂದೊಂದೇ ಕುದುರೆಯನ್ನು ತಲೆಕೆಳಗಾಗಿ ಅಕ್ಕಿಯೊಳಗೆ ಊರುತ್ತ ಹೋದಳು. ರಟ್ಟುಗಳೆಲ್ಲ ಮೇಲ್ಮುಖವಾಗಿ, ಅಂಚಿಗೆ ಅಂಚು ಕೂಡಿಕೊಂಡವು. ನೋಡನೋಡುತ್ತ ಮೊರದಲ್ಲಿ ನಮ್ಮ ಮದುವೆ ಎದ್ದು ಬಂತು. ನಡುವೆ ಒಂದೇ ಒಂದು ಕಿಂಡಿ.

"ನಾನಿವ್ನಿ, ನಮ್ಮಪ್ಪ ಅವ್ರೆ, ಮೂರ್ತ ಅದೆ, ಊಟಾನೂ ಅದೆ," ಎಂದು ಓದಿದಳು. "ನೀವೇ ಇಲ್ವಲ್ರೀ!"

ನಾನು ಮಳವಳ್ಳಿಯಲ್ಲಿದ್ದೆ, ಬಿಳಿ ಕುದುರೆಯ ಕಾಲಡಿಯಲ್ಲಿ.

ಫೋನೆತ್ತಿದ ಇನಾಯತ್, "ಲೇ ಸಿವ್ರಾಜ, ಬದ್ಕಿದ್ದೀಯೇನ್ಲಾ?" ಎಂದ. ಬದುಕಿದ್ದೇನೆ, ಮದುವೆಯಾದದ್ದು ಮಾತ್ರ ಸಾಬೀತಾಗುತ್ತಿಲ್ಲ ಎಂದು ಎಲ್ಲವನ್ನೂ ವಿವರಿಸಿ, ಕುದುರೆಯ ಅಡಿಭಾಗದ ಒಂದು ಫೋಟೋ ಕಳಿಸಪ್ಪಾ ಎಂದು ಬೇಡಿಕೊಂಡೆ. ಆ ಕಡೆ ತುಂಬ ಹೊತ್ತು ನಗು.

"ಮಳೊಳ್ಳಿ ಕಾಳಗ್ದ ಕಾಲ್ದಾಗೆ ಮೊಬೈಲಿತ್ತೇನ್ಲಾ? ಗೆದ್ದು ತಗಂಡಿರೋ ಕುದ್ರೆ ಕಣ್ಲಾ, ಗೆದ್ದೇ ಈಸ್ಕೋ. ಬಾನ್ವಾರ ಬತ್ತೀನಿ. ಆಂ, ಓದ್ಸಲ ಇಂಗ್ಲಿಸ್ನೋನು ನಾನಾಗಿದ್ದೆ. ಈ ಸಲ ನೀನು."

ಭಾನುವಾರದವರೆಗೆ ನನಗೆ ಸರಿಯಾಗಿ ಊಟ ಸೇರಲಿಲ್ಲ. ಗೆದ್ದರೆ, ಮಳವಳ್ಳಿಯನ್ನು ಪರಂಗಿಯವರಿಗೆ ನನ್ನ ಕೈಯಾರೆ ಒಪ್ಪಿಸಿದಂತೆ. ಸೋತರೆ, ಇಷ್ಟು ವರ್ಷ ಸಂಸಾರ ಮಾಡಿಯೂ ಬ್ರಹ್ಮಚಾರಿ. ಇಂಥ ಇಕ್ಕಟ್ಟಿಗೆ ಯಾವ ವಿಮೆಯೂ ಇಲ್ಲ. ನಾನು ಕಚೇರಿಯಲ್ಲಿ ಹುಡುಕಿ ನೋಡಿದ್ದೇನೆ.

ಇನಾಯತ್ ಬಂದ. ಗಡ್ಡ ನರೆತಿತ್ತು, ಗೇಣು ಮಾತ್ರ ಹಾಗೇ ಇತ್ತು. ಕನ್ನಡಕಗಳನ್ನು ಏರಿಸಿಕೊಂಡು ಕೂತೆವು. ದಾಳದ ಚುಕ್ಕಿ ಇಬ್ಬರಿಗೂ ಕಾಣುತ್ತಿರಲಿಲ್ಲ. ಸಾವಿತ್ರಿ ಅಡುಗೆಮನೆಯಿಂದ ಬಂದುಹೋಗುತ್ತ ಓದಿ ಹೇಳುತ್ತಿದ್ದಳು. ಅವನ ಅಶ್ವದಳ ಎರಡೆರಡು ಗೇಣು ಹಾರಿ ಬಂತು. ನನ್ನ ಇಂಗ್ಲಿಷರು ನಾಲ್ಕು ಬೆರಳು ನಡೆಯುವುದು, ನಿಂತು ಸುಡುವುದು. ಹಾಳಾದ ದಾಳ ಆ ದಿನ ನಾನು ಹೇಳಿದಂತೆ ಕೇಳಿತು. ಕೊನೆಗೆ ಅವನ ಕಡೆ ಉಳಿದದ್ದು ಬಿಳಿ ಕುದುರೆಯೊಂದೇ. ನಾಲ್ಕೋ ಐದೋ ಆರೋ ಬಿದ್ದರೆ ಅದು ಉರುಳಬೇಕು.

ದಾಳ ಹಿಡಿದವನಿಗೆ ಕೈ ಬರಲಿಲ್ಲ. ಎಲ್ಲ ಕಡೆ ಮುತ್ತಿಗೆ, ಆದರೂ ಆ ಒಂಟಿ ಕುದುರೆ ಬಲಗಾಲನ್ನು ಎತ್ತಿಕೊಂಡೇ ನಿಂತಿತ್ತು. ಅದಕ್ಕೆ ಬೇರೇನೂ ಮಾಡಲು ಬರುವುದಿಲ್ಲ, ನಿಜ. ಆದರೂ.

"ಒಡಿಲಾ," ಎಂದ ಇನಾಯತ್. "ನಿನ್ ಮ್ಯಾಲೆ ನೀನೇ ಗುಂಡಾರ್ಸ್ಕೊಳೋ ಬಾಗ್ಯ ಎಲ್ರಿಗೂ ಸಿಕ್ಕಕಿಲ್ಲ."

ಸಾವಿತ್ರಿ ಸೌಟು ಹಿಡಿದೇ ಬಂದಳು. ನನ್ನ ಅಂಗೈಯಿಂದ ದಾಳವನ್ನು ಎತ್ತಿ, ಸಾರಿಗೆ ಉಪ್ಪು ಹಾಕುವಷ್ಟೇ ನಿರಾಳವಾಗಿ ಎಸೆದಳು. ಐದು. ಇನಾಯತ್ ಬೆರಳಿನಿಂದ ಕುದುರೆಯನ್ನು ಮೆಲ್ಲಗೆ ಮಲಗಿಸಿದ. ಅದರ ಕಾಲಡಿಯಲ್ಲಿ ಬಂಗಾರದ ಅಕ್ಷರಗಳಲ್ಲಿ ನಾನು: "ಚಿ|| ರಾ|| ಶಿವರಾಜು".

"ನೀನೊಬ್ಳು ಇದ್ದಿದ್ರೆ ಇಂಗ್ಲಿಸ್ನೋರ್ಗೆ ದಂಡೇ ಬೇಕಾಯ್ತಿರ್ಲಿಲ್ಲ ಕಣಮ್ಮ," ಎಂದ ಇನಾಯತ್.

"ಅವ್ರ್ಗಾರ ಗೆದ್ದಿದ್ಕೆ ಮೈಸೂರು ಸಿಕ್ತು ಕಣಣ್ಣ. ನಂಗ್ ಸಿಕ್ಕಿದ್ದ ನೋಡು," ಎಂದು ಅವಳು ನನ್ನತ್ತ ಸೌಟು ತೋರಿಸಿದಳು. "ಏಳಿ, ಸಾರು ಆರೋಯ್ತದೆ."

ಊಟವಾದ ಮೇಲೆ ಬಿಳಿ ಕುದುರೆಯನ್ನು ಮೊರದ ಕಿಂಡಿಯಲ್ಲಿ ಊರಿ, ಮದುವೆಯನ್ನು ಪೂರ್ತಿ ಮಾಡಿ, ಫೋಟೋ ತೆಗೆದೆವು. ಹೋಗುವಾಗ ಇನಾಯತ್, ಮುಂದಿನ ತಿಂಗಳು ಮಳವಳ್ಳಿಗೆ ಬಾ, ಈಗ ಇಂಗ್ಲಿಷರಾಗುವ ಸರದಿ ತನ್ನದು ಎಂದ. ನಾನು ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದೆ.

ಕಚೇರಿಯಾತ ಫೋಟೋವನ್ನು ತುಂಬ ಹೊತ್ತು ನೋಡಿದ. ನಡುನಡುವಿನ ಗೀರುಗಳ ಬಗ್ಗೆ ಕೇಳಿಯಾನೆಂದು ನಾನೊಂದು ಸುಳ್ಳು ಹೊಂದಿಸಿಕೊಳ್ಳುತ್ತಿದ್ದೆ. ಅವನ ಕಣ್ಣು ಹೋದದ್ದು ಅಂಚಿನಲ್ಲಿ ಸುತ್ತಲೂ ಚೆಲ್ಲಿದ್ದ ಅಕ್ಕಿಯ ಕಡೆಗೆ.

"ಅಕ್ಸತೆ ಬ್ಯಾರೆ ಆಕಿ ತೆಗ್ದಿದ್ದೀರಲ್ಲ ಸಾ! ಬಾಳ ಸಂದಾಗದೆ," ಎಂದು ಮೊಹರು ಒತ್ತಿದ.

ಹೌದು ಎಂದೆ. ಆ ಅಕ್ಕಿಯೊಳಗೆ ತಲೆ ಹುದುಗಿಸಿ, ಬಲಗಾಲನ್ನು ಬಿಟ್ಟು ಮಿಕ್ಕ ಮೂರು ಕಾಲಿನಲ್ಲಿ ನಮ್ಮ ಸಂಸಾರವನ್ನು ಹೊತ್ತು ನಿಂತ ದಳದ ಸಂಗತಿಯನ್ನು ಸರ್ಕಾರಕ್ಕೆ ತಿಳಿಸುವ ಅಗತ್ಯ ಕಾಣಲಿಲ್ಲ.