ಚಿಕ್ಕಪ್ಪನ ಇನ್ನೂರ ಹದಿನಾಲ್ಕು ಮಾತುಗಳು

ಚಿಕ್ಕಪ್ಪ ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನ ದೊಡ್ಡ ಕಟ್ಟಡಗಳ ನೆತ್ತಿಯನ್ನೂ ಪಾತಾಳವನ್ನೂ ಕಂಡವರು. ನಡುವಿನ ಮಹಡಿಗಳಲ್ಲಿ ಯಾರಿದ್ದಾರೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮಾತಿನ ಮಲ್ಲರೇನಲ್ಲ. ಆದರೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಬಾಗಿಲ ಸಂದಿಯಿಂದಲೇ ಮಾತಾಡಿಸಿ ಸಮಾಧಾನ ಮಾಡುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಜೊತೆಗಾರರು ಹೇಳುತ್ತಿದ್ದರು. ಅಂಥವರ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರು ಡಾಕ್ಟರು.

ಆಪರೇಷನ್ನಿಗೆ ಹನ್ನೊಂದು ದಿನ ಇತ್ತು. ಅಷ್ಟರಲ್ಲಿ ಅಣ್ಣನ ಮಗ ಅವರನ್ನು ಕೋಣೆಯಲ್ಲಿ ಕೂರಿಸಿ, ಮುಂದೆ ಬೇಕಾಗಬಹುದಾದ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಚಿಕ್ಕಮ್ಮ ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಪಟ್ಟಿ ಬರೆದರು. ಒಟ್ಟು ಇನ್ನೂರ ಹದಿನಾಲ್ಕು. ಆಮೇಲೆ ಅವನು ತನ್ನ ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ, ಕೈಯಗಲದ ಹಳೆಯ ಇಂಟರ್ನೆಟ್ ಪೆಟ್ಟಿಗೆಯೊಂದನ್ನು ಕೇಳಿ ತಂದು, ಅದನ್ನು ನಡೆಸಲು ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ, ಸ್ಪೀಕರನ್ನೂ ನಂಬರಿನ ಕೀಲಿಗಳನ್ನೂ ಜೋಡಿಸಿದ. ಹನ್ನೆರಡು ಒತ್ತಿದರೆ ‘ನೀರು ಬೇಕು’, ನಲವತ್ತು ಒತ್ತಿದರೆ ‘ಯಾರು ಬಂದಿದ್ದು’. ಅದನ್ನು ನೋಡಿ ಚಿಕ್ಕಪ್ಪ, ತಮ್ಮ ಗಂಟಲಿನಿಂದಲೇ ಹೇಳಿದ ಕೊನೆಯ ತಮಾಷೆ ಹೀಗಿತ್ತು: “ಇಷ್ಟು ದಿನ ನಾನು ಬಟನ್ ಒತ್ತಿದ್ರೆ ಜನ ಮೇಲೆ ಬರ್ತಿದ್ರು. ಇನ್ಮೇಲೆ ಮಾತು ಬರತ್ತೆ.”

ಈ ಅಣ್ಣನ ಮಗನ ಬಗ್ಗೆಯೂ ಎರಡು ಮಾತು ಹೇಳಬೇಕು, ಹೆಚ್ಚು ಹೇಳುವಂಥದ್ದೇನಿಲ್ಲ. ಚಿಕ್ಕಪ್ಪನ ಮನೆಯ ಮುಂದಿನ ಕೋಣೆಯಲ್ಲೇ ಇದ್ದ. ಇಂಟರ್ನೆಟ್ ಕಂಪನಿಯೊಂದರ ರಿಪೇರಿ ಕೌಂಟರಿನಲ್ಲಿ ಕೆಲಸ. ದಿನಕ್ಕೆ ನಲವತ್ತು ಜನರಿಗೆ, ಸಾರ್, ದೀಪ ಮಿನುಗುವಾಗ ದಯವಿಟ್ಟು ಆಫ್ ಮಾಡಬೇಡಿ ಎನ್ನುವುದೇ ಅವನು ಕಲಿತ ವಿದ್ಯೆಯ ಸಾರಾಂಶ. ಚಿಕ್ಕಮ್ಮ ಅವನನ್ನು ಇಂಜಿನಿಯರ್ ಸಾಹೇಬ್ರು ಎಂದು ಕರೆಯುತ್ತಿದ್ದರು. ಅವನು ಇಂಜಿನಿಯರ್ ಅಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮೂರು ವರ್ಷ ಆ ಪೆಟ್ಟಿಗೆ ದುಡಿಯಿತು. ಈಚೆಗೆ ಅದಕ್ಕೇ ಗಂಟಲು ಕಟ್ಟತೊಡಗಿತ್ತು. ‘ಯಾರು’ ಎಂದು ಶುರುವಾದದ್ದು ‘ಬಂದಿದ್ದು’ ಎಂಬಲ್ಲಿಗೆ ಮುಟ್ಟುವ ಮೊದಲೇ ನಿಂತುಬಿಡುತ್ತಿತ್ತು. ಬಾಗಿಲಲ್ಲಿದ್ದವರು ಉಳಿದರ್ಧಕ್ಕೆ ಕಾಯುತ್ತಿದ್ದರು. ಹೊಸ ಲಿನಕ್ಸಿನಲ್ಲಿ ಈ ರೋಗಕ್ಕೆ ಮದ್ದಿತ್ತು. ಆದರೆ ಕರೆಂಟು ಬಂದೊಡನೆ ತಾನು ಮೊದಲು ಕಣ್ಣುಬಿಟ್ಟು ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮೊಂದಿರುತ್ತದೆ, ಬೂಟ್‌ಲೋಡರ್ ಎಂದು. ಪೆಟ್ಟಿಗೆಯಲ್ಲಿದ್ದದ್ದು ಹಳೆಯ ಕಾಲದ್ದು; ಹೊಸ ಲಿನಕ್ಸನ್ನು ಎಬ್ಬಿಸುವುದು ಅದರ ಕೈಲಾಗದ ಮಾತು. ಆದ್ದರಿಂದ ಮೊದಲು ಅದನ್ನು ಬದಲಿಸಬೇಕು, ಆಮೇಲೆ ಲಿನಕ್ಸು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಅರೆನಿಮಿಷದಲ್ಲಿ ಕರೆಂಟು ಹೋಯಿತೋ, ಪೆಟ್ಟಿಗೆಯನ್ನು ಎಬ್ಬಿಸುವವರೇ ಇರುವುದಿಲ್ಲ.

ಮಾತುಗಳು ಇನ್ನೊಂದು ಕಡೆಯೂ ಇದ್ದಾವಲ್ಲ ಎಂದು ಚಿಕ್ಕಮ್ಮ ಹಿಂದಿನ ದಿನ ಕೇಳಿದ್ದರು. ಇದೆ, ಇದೆ ಎಂದಿದ್ದ. ಇರಲಿಲ್ಲ. ಪ್ರತಿ ಇಟ್ಟಿದ್ದ ಡಿಸ್ಕು ಕೆಟ್ಟು ಒಂದೂವರೆ ವರ್ಷವಾಗಿತ್ತು. ನಾಳೆ ಇನ್ನೊಂದು ಮಾಡಿದರಾಯಿತು ಎಂದುಕೊಂಡ ಆ ನಾಳೆ ಇನ್ನೂ ಬಂದಿರಲಿಲ್ಲ. ಈಗ ಕೂತು ಪ್ರತಿ ಮಾಡಿದರೆ ಸುಳ್ಳು ಬಯಲಾಗುತ್ತದೆ. ಹೇಗೂ ಬೂಟ್‌ಲೋಡರ್ ಇರುವ ಜಾಗ ಬೇರೆ, ಮಾತುಗಳಿರುವ ಜಾಗ ಬೇರೆ ಎಂದು ಧೈರ್ಯ ತಂದುಕೊಂಡ. ಸೋಮಾರಿತನಕ್ಕೆ ಅವನು ಧೈರ್ಯವೆಂದು ಹೆಸರಿಟ್ಟಿದ್ದು ಅದೇ ಮೊದಲೇನಲ್ಲ.

ಭಾನುವಾರ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಕೀಲಿಗಳನ್ನು ಕಳಚಿಟ್ಟು, ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದ. ಒಳಗಿನ ಮೂರು ಪಿನ್ನುಗಳಿಗೆ ಮೂರು ವೈರು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಕೊಟ್ಟ. ಚಿಕ್ಕಪ್ಪ ಎದುರಿನ ಕುರ್ಚಿಯಲ್ಲಿ, ಆಪರೇಷನ್ ಕೋಣೆಯ ಹೊರಗೆ ಕೂತ ನೆಂಟರ ಹಾಗೆ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಅಳಿಸಿ ಬರೆಯುವ ಕೆಲಸ ಶುರುವಾಯಿತು. ನಡುವಿನ ವೈರು ಸಡಿಲವಾಗಿತ್ತು. ಅದನ್ನು ಒತ್ತಿ ಹಿಡಿಯಲು ಅವನು ಕರೆಂಟಿದ್ದ ಪೆಟ್ಟಿಗೆಯೊಳಗೆ ಎರಡು ಬೆರಳು ತೂರಿಸಿದ.

ಚಿಕ್ಕಪ್ಪ ಧಡಕ್ಕನೆ ಎದ್ದರು. ಬಾಯಿ ತೆರೆದರು, ಕತ್ತಿನ ತೂತಿನಿಂದ ಉಸಿರಷ್ಟೇ ಬಂತು. ದಾಪುಗಾಲು ಹಾಕುತ್ತ ಹಜಾರಕ್ಕೆ ಹೋದರು. ಮರುಕ್ಷಣ ಫ್ಯಾನು ನಿಂತಿತು, ಪೆಟ್ಟಿಗೆಯ ದೀಪ ಆರಿತು. ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಶೇಕಡಾ ಅರವತ್ತೆರಡು ಎಂಬ ಅಂಕಿ ಹಾಗೇ ಉಳಿಯಿತು.

ಚಿಕ್ಕಪ್ಪ ನಗುತ್ತ ಬಂದು ಅಂಗಿಯ ಜೇಬು ತಟ್ಟಿ ತೋರಿಸಿದರು. ಫ್ಯೂಸ್ ಅದರಲ್ಲಿತ್ತು. ಇನ್ನು ಹೆದರದೆ ಕೈ ಹಾಕು ಎಂದು ಅದರರ್ಥ. ಅವರ ಜೊತೆಗಾರರಲ್ಲಿ ಅದೊಂದು ಕಟ್ಟಳೆ: ಯಾರ ಕೈ ಯಂತ್ರದೊಳಗಿದ್ದರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊ, ಆ ಕೈ ಹೊರಗೆ ಬರುವ ತನಕ ಸಾಕ್ಷಾತ್ ಬ್ರಹ್ಮನೇ ಬಂದು ಕೇಳಿದರೂ ಕೊಡಬೇಡ. ಯಾರೋ ಒಮ್ಮೆ ಜೇಬಿಗೆ ಹಾಕಿಕೊಳ್ಳದೆ ಕಿಟಕಿಯ ಮೇಲಿಟ್ಟದ್ದನ್ನು ಇನ್ಯಾರೋ ತಿಳಿಯದೆ ಮತ್ತೆ ಹಾಕಿಬಿಟ್ಟು, ಲಿಫ್ಟಿನ ಗುಂಡಿಗಿಳಿದಿದ್ದ ಅವರ ಗೆಳೆಯ ಜೀವಂತ ಮೇಲೆ ಬರಲಿಲ್ಲ. ಮೊದಲಾದರೆ ಆಫ್ ಮಾಡುವ ಮುಂಚೆ ಚಿಕ್ಕಪ್ಪ ಕೂಗಿ ಹೇಳುತ್ತಿದ್ದರು. ಇವತ್ತು ಅವರ ಕೂಗೇ ಟವೆಲ್ಲಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಊರಿಗೆಲ್ಲ ಆಫ್ ಮಾಡಬೇಡಿ ಎಂದು ಹೇಳಿಕೊಂಡು ಬಂದವನು, ಎದುರಿಗೆ ಕೂತಿದ್ದ ಒಬ್ಬರಿಗೆ ಹೇಳಿರಲಿಲ್ಲ.

ಅವನ ಮುಖ ನೋಡನೋಡುತ್ತ ಚಿಕ್ಕಪ್ಪನ ನಗು ಒಂದೊಂದೇ ಮಹಡಿ ಇಳಿಯಿತು.

ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಕೇಳಿದ್ದು ಒಂದೇ: “ಹೋಯ್ತೇನೋ?”

“ಗೊತ್ತಿಲ್ಲ ಚಿಕ್ಕಮ್ಮ.”

ಒಂದೇ ದಾರಿ ಉಳಿದಿತ್ತು. ಇಂಥ ಪೆಟ್ಟಿಗೆಯ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಫ್ಯಾಕ್ಟರಿಯವರೇ ಕೆತ್ತಿಟ್ಟ, ಯಾರಿಂದಲೂ ಅಳಿಸಲಾಗದ ಒಂದು ಚೂರು ಬುದ್ಧಿ ಇರುತ್ತದೆ. ಕರೆಂಟು ಬಂದ ಮೊದಲ ಕ್ಷಣ ಅದು ವೈರಿನತ್ತ ಕಿವಿಗೊಡುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಲ್ಯಾಪ್‌ಟಾಪಿನಿಂದ ಬಾಗಿಲು ತಟ್ಟಿದರೆ, ಹೊಸ ಬೂಟ್‌ಲೋಡರನ್ನು ವೈರಿನಿಂದಲೇ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅವನು ಸಡಿಲ ವೈರನ್ನು ಮತ್ತೆ ಬೆರಳಲ್ಲಿ ಒತ್ತಿ ಹಿಡಿದು, ಫ್ಯೂಸ್ ಹಾಕಿ ಎಂದ. ಚಿಕ್ಕಪ್ಪ ತಲೆಯಾಡಿಸಿದರು, ಇಲ್ಲವೆಂದು.

“ಇದು ಹನ್ನೆರಡು ವೋಲ್ಟು ಚಿಕ್ಕಪ್ಪ, ಇರುವೆನೂ ಸಾಯಲ್ಲ.”

ಅವರು ಜೇಬಿನ ಮೇಲೆ ಕೈ ಮುಚ್ಚಿಕೊಂಡರು. ತಮ್ಮ ಮಾತೆಲ್ಲ ಹೋದರೂ ಚಿಂತೆಯಿಲ್ಲ, ಅಣ್ಣನ ಮಗನ ಕೈ ಒಳಗಿರುವಾಗ ಕರೆಂಟು ಕೊಡುವವರಲ್ಲ. ಕೊನೆಗೆ ಅವನನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಏರಿಸಿ, ತಮ್ಮ ಹಳೆಯ ಸಾಮಾನಿನ ಡಬ್ಬಿಯಿಂದ ಟೇಪು, ನೂಲು ತೆಗೆದು ತಾವೇ ಕೂತರು. ವೈರನ್ನು ಪಿನ್ನಿಗೆ ಕಟ್ಟಿ, ಎಳೆದು ನೋಡಿ, ಮತ್ತೆ ಕಟ್ಟಿದರು. ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನಿಗೆ, ಇದೊಂದೇ ಪ್ರತಿ ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಅವನ ಕೈಗಳೆರಡೂ ಮೇಜಿನ ಹೊರಗಿದ್ದಾವೆಂದು ನೋಡಿಕೊಂಡ ಮೇಲೆಯೇ ಅವರು ಫ್ಯೂಸ್ ಹಾಕಲು ಹೋದದ್ದು.

ಏಳು ಸಲ ಹಾಕಿ ತೆಗೆದರು. ಏಳು ಸಲವೂ ಪರದೆ ಖಾಲಿ. ಎಂಟನೆಯ ಸಲ ಒಂದು ಚುಕ್ಕೆ ಮೂಡಿತು, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಇರುವೆ ಸಾಲಿನಂತೆ ನೂರಾರು. ಬೂಟ್‌ಲೋಡರ್ ಒಳಗೆ ಹೋಯಿತು. ಅದನ್ನು ಅದರ ಜಾಗದಲ್ಲಿ ಪೂರ್ತಿ ಬರೆಸಿ, ಹೊಸ ಲಿನಕ್ಸನ್ನೂ ಹಾಕಿ, ಮಾತುಗಳಿದ್ದ ಜಾಗವನ್ನು ತೆರೆದ. ಎಣಿಸಿದ. ಇನ್ನೂರ ಹದಿನಾಲ್ಕು.

ಕೀಲಿಗಳನ್ನು ಜೋಡಿಸಿ ಚಿಕ್ಕಪ್ಪನ ಮುಂದಿಟ್ಟ. ನೋಟ ನೆಲಕ್ಕಿಳಿಸಿ ಗೊಣಗಿದ, ಇನ್ನೊಂದು ಪ್ರತಿ ಇದೆ ಅಂದಿದ್ದು ಸುಳ್ಳು ಎಂದು.

ಚಿಕ್ಕಪ್ಪ ಎರಡು ಕೀಲಿ ಒತ್ತಿದರು. ಮೂರು ವರ್ಷದ ಹಿಂದಿನ ಅವರ ದನಿ, ಎಲ್ಲೂ ತಡವರಿಸದೆ, ಪೂರ್ತಿಯಾಗಿ ಬಂತು: “ಏನಂದೆ? ಸ್ವಲ್ಪ ಜೋರಾಗಿ ಹೇಳು.”

“ಬೇರೆ ಪ್ರತಿ ಇರ್ಲಿಲ್ಲ ಚಿಕ್ಕಪ್ಪ. ಇದ್ದಿದ್ದು ಇದೊಂದೇ. ಸುಳ್ಳು ಹೇಳಿದೆ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಚಿಕ್ಕಪ್ಪ ನೋಟ್‌ಬುಕ್ಕನ್ನು ಹತ್ತಿರಕ್ಕೆಳೆದು, ಮೊದಲ ಪುಟದಿಂದ ಬೆರಳಿಟ್ಟು ಹುಡುಕತೊಡಗಿದರು. ಕೊನೆಯ ಪುಟ ಮುಗಿದು ಮತ್ತೆ ಮೊದಲ ಪುಟಕ್ಕೆ ಬಂದರು. ಫ್ಯೂಸ್ ಕಿತ್ತವರು ಏನು ಹುಡುಕುತ್ತಿದ್ದಾರೆಂದು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೆ ತಿಳಿಯಿತು.

“ಹುಡುಕ್ಬೇಡಿ, ಅದಿಲ್ಲ,” ಎಂದರು ಮೆತ್ತಗೆ. “ತಪ್ಪಾಯ್ತು ಅಂತಲೂ ಒಂದು ಹೇಳಿಡಿ ಅಂದಿದ್ದೆ. ಅದರ ಅಗತ್ಯ ಬೀಳಲ್ಲ ಬಿಡು ಅಂದ್ರಿ.”

ಚಿಕ್ಕಪ್ಪ ಪುಸ್ತಕ ಮುಚ್ಚಿದರು. ಅಣ್ಣನ ಮಗ ಒಳಗೆ ಹೋಗಿ ಹೊಸ ಮೆಮೊರಿ ಕಾರ್ಡೊಂದನ್ನು ತಂದು ಪೆಟ್ಟಿಗೆಗೆ ಸಿಕ್ಕಿಸಿದ. ದೀಪ ಮಿನುಗತೊಡಗಿತು. ಎಂಟು ನಿಮಿಷ ಆಗುತ್ತದೆ, ಈ ದೀಪ ಮಿನುಗುವಾಗ ಆಫ್ ಮಾಡಬಾರದು ಎಂದು ಈ ಸಲ ಬಿಡಿಸಿ ಹೇಳಿದ. ಚಿಕ್ಕಪ್ಪ ಎದ್ದು ಹಜಾರಕ್ಕೆ ಹೋಗಿ ಫ್ಯೂಸ್ ಹಲಗೆಗೆ ಬೆನ್ನು ಕೊಟ್ಟು ನಿಂತರು. ಊಟಕ್ಕೆ ಬಡಿಸಿದ್ದೀನಿ ಎಂದು ಚಿಕ್ಕಮ್ಮ ಎರಡು ಸಲ ಕರೆದರೂ, ಎಂಟು ನಿಮಿಷ ಅವರು ಅಲ್ಲಿಂದ ಕದಲಲಿಲ್ಲ.