ಎರಡು ಗಾಲಿ, ಒಬ್ಬಳೇ ಜಂಬವ್ವ

ಮೂಡಲಲ್ಲಿ ಇನ್ನೂ ಸರಿಯಾಗಿ ಕೆಂಪೇರಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಘಾಟಿನ ಬುಡದಲ್ಲಿ ಕಂಪ್ಲಿ ಬೆಲ್ಲದ ಗಾಡಿಯೊಂದು ನಿಂತಿದೆ. ಗಾಡಿಯ ಹಿಂದೆ ಕಚ್ಚೆ ಬಿಗಿದು, ಎರಡು ಕೈಯಲ್ಲೂ ಒಂದೊಂದು ಮರದ ಬೆಣೆ ಹಿಡಿದ ಹೆಂಗಸು. ಗಾಡಿಯವ ಕೊಟ್ರಯ್ಯ ಎತ್ತುಗಳನ್ನು ಗದರಿಸುತ್ತಾನೆ. ಗಾಡಿ ಏರುತ್ತದೆ, ಹಿಂದೆಯೇ ಆಕೆಯೂ ಏರುತ್ತಾಳೆ. ಮೊದಲ ತಿರುವಿಗೇ ಎತ್ತುಗಳಿಗೆ ಏದುಸಿರು ಬರುತ್ತದೆ. ಗಾಡಿ ನಿಂತದ್ದೇ ತಡ, ಆಕೆ ಬಲಗಾಲಿಯ ಹಿಂದೆ ಒಂದು ಬೆಣೆ ಒತ್ತಿ, ಒಂದೇ ಓಟಕ್ಕೆ ಎಡಕ್ಕೆ ಬಂದು ಇನ್ನೊಂದನ್ನು ಒತ್ತುತ್ತಾಳೆ.

“ಕುಂತೈತಿ!”

ಈ ಕೂಗು ಕೇಳಿದ ಮೇಲಷ್ಟೇ ಕೊಟ್ರಯ್ಯ ಹಗ್ಗ ಸಡಿಲಿಸುವುದು. ಎತ್ತುಗಳ ದಣಿವಾರಿದ ಮೇಲೆ ಗಾಡಿ ಒಂದು ಗೇಣು ಮುಂದೆ ಸರಿಯುತ್ತದೆ. ಆಕೆ ಬೆಣೆ ಕಿತ್ತು “ಎದ್ದೈತಿ!” ಎನ್ನುತ್ತಾಳೆ. ತುದಿ ಮುಟ್ಟುವವರೆಗೂ ಅವರಿಬ್ಬರ ನಡುವೆ ಈ ಎರಡೇ ಮಾತು. ಕೊಟ್ರಯ್ಯ ಒಮ್ಮೆಯೂ ಹಿಂದಿರುಗಿ ನೋಡುವುದಿಲ್ಲ. “ನೋಡಿದ್ರ ಆಕಿ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಕ್ಕತ್ರಿ” ಎಂದು ಆಮೇಲೆ ನನಗೆ ಹೇಳುತ್ತಾನೆ.

ಈಕೆ ಜಂಬವ್ವ. ವಯಸ್ಸು ಕೇಳಿದರೆ “ಐವತ್ತು ಅಂತ ಬರ್ಕೊಳ್ರಿ, ಯಾರ್ ಕೇಳ್ತಾರ” ಎಂದು ನಗುತ್ತಾಳೆ. ಘಾಟಿನ ಬುಡದ ಹಟ್ಟಿಯೇ ಆಕೆಯ ತವರು. ಅವ್ವ ಬೆಣೆ ಕೊಡುತ್ತಿದ್ದಳು, ಅವ್ವನ ಸೊಂಟ ಹಿಡಿದ ಮೇಲೆ ಮಕ್ಕಳ ಕೈಗೆ ಬೆಣೆ ಬಂತು. ಈ ಘಾಟಿಗೆ ಹನ್ನೊಂದು ತಿರುವು. ಸಂತೆಯ ಹಿಂದಿನ ದಿನ ಐದು ಗಾಡಿ, ಉಳಿದ ದಿನ ಎರಡೋ ಮೂರೋ. ಪ್ರತಿ ಗಾಡಿಯ ಹಿಂದೆ ಎರಡು ಮೈಲಿ ಹತ್ತಬೇಕು, ಎರಡು ಮೈಲಿ ಇಳಿಯಬೇಕು. ಗಾಡಿಗೊಂದು ಬೊಗಸೆ ಜೋಳ ಆಕೆಯ ಪಾಲು. ಬೆಣೆ ಜಾಲಿಯ ಕಟ್ಟಿಗೆಯದು, ಎಣ್ಣೆ ಕುಡಿಸಿದ್ದು. ಅದನ್ನು ನನ್ನ ಕೈಗೂ ಕೊಡುವುದಿಲ್ಲ. ಇಟ್ಟವರೇ ತೆಗೆಯಬೇಕು, ಅಲ್ಲಿಯವರೆಗೆ ಬೆಣೆ ಬಿಟ್ಟು ಕದಲಬಾರದು. ಇದು ಅವ್ವ ಹೇಳಿಕೊಟ್ಟ ಕಟ್ಟಳೆ.

ಕಣ್ಣಿಗೆ ಬೀಳದ ದುಡಿಮೆಗಾರರ ಬಗ್ಗೆ ಬರೆದುಕೊಂಡು ಬಾ, ಜೊತೆಗೊಂದು ಫೋಟೋವೂ ಇರಲಿ ಎಂದು ಸಂಪಾದಕರು ಅಟ್ಟಿದ್ದರಿಂದ ನಾನಿಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಏದುಸಿರು ಬಿಡುತ್ತಿದ್ದೇನೆ. ನನಗೆ ಈ ದಾರಿ ಹೊಸದೇನಲ್ಲ. ಒಂಬತ್ತು ವರ್ಷದ ಹಿಂದೆ, ೧೯೨೯ನೇ ಇಸವಿಯಲ್ಲಿ, ಹೊಸಪೇಟೆಯ ವಕೀಲ ಗೆಳೆಯ ವ್ಯಾಸರಾಜ ಮಂಗಳೂರಿನಲ್ಲಿ ಒಂದು ಹಳೆಯ ಮೋಟಾರು ಕೊಂಡ. ಅದನ್ನು ಊರಿಗೆ ತರುವ ನೆಪದಲ್ಲಿ ನಾವಿಬ್ಬರೂ ಎಂಟು ದಿನ ಆರಾಮಾಗಿ ಅಲೆದೆವು. ಮರಳದಂಡೆಯಲ್ಲಿ ಎಳನೀರು ಕುಡಿದೆವು. ಘಟ್ಟ ಹತ್ತಿ, ಹರಿಹರ ಹಾದು ಬಂದೆವು. ಹಂಪಿಯ ಬಂಡೆಗಳ ಮೇಲೆ ಮಲಗಿದೆವು, ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಹತ್ತಿದೆವು. ಕೊನೆಗೆ ಸಂಡೂರಿನ ಬೆಟ್ಟ ನೋಡಬೇಕೆಂದು ಈ ಘಾಟು ಏರಿದೆವು. ಆ ಪ್ರವಾಸದ ಬಗ್ಗೆ ನಾನು ಪತ್ರಿಕೆಗೆ ಒಂದಿಡೀ ಪುಟ ಬರೆದೆ. “ಇಲ್ಲಿ ಯಾರಿಗೂ ಅವಸರವಿಲ್ಲ” ಎಂಬುದು ಅದರ ಮೊದಲ ವಾಕ್ಯ. ಐದನೇ ತಿರುವಿನಲ್ಲಿ ನಿಂತ ಮೋಟಾರು, ಅದರಾಚೆ ಕಣಿವೆ, ಇದು ಚಿತ್ರ. ಅದು ಇಂದಿಗೂ ವ್ಯಾಸರಾಜನ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ.

ಮೊದಲ ಗಾಡಿಯನ್ನು ತುದಿ ಮುಟ್ಟಿಸಿ, ಮತ್ತೆ ಮೊದಲ ತಿರುವಿನವರೆಗೆ ಇಳಿದು ಬಂದು ಕೂತಿದ್ದೇವೆ. ಎರಡನೆಯ ಗಾಡಿ ಬರುವವರೆಗೆ ಬಿಡುವಿದೆ. ಜಂಬವ್ವ ರೊಟ್ಟಿ ಮುರಿದು ನನಗೂ ಒಂದು ಚೂರು ಕೊಡುತ್ತಾಳೆ. ಬೆಳಗಿನಿಂದ ನಾಲಿಗೆಯ ಮೇಲಿದ್ದ ಪ್ರಶ್ನೆಯನ್ನು ಕೇಳುತ್ತೇನೆ: ಗಾಲಿ ಎರಡಿವೆ, ನೀನೊಬ್ಬಳೇ ಯಾಕೆ ಆ ಕಡೆಗೂ ಈ ಕಡೆಗೂ ಓಡುತ್ತೀ?

“ಮೊದ್ಲು ಇಬ್ರಿದ್ವಿರಿ. ಅಕ್ಕ ನಿಂಗಕ್ಕ ಬಲಗಾಲಿ, ನಾ ಎಡಗಾಲಿ. ಒಂಬತ್ತು ವರ್ಷ ಆತು, ಒಂದು ಮೋಟಾರು ಬಂತು. ಹಿಂದ ತೆಂಗಿನಕಾಯಿ ಗೊಂಚಲಾ ಕಟ್ಟಿದ್ರು.”

ಆ ಗೊಂಚಲನ್ನು ಕಟ್ಟಿದವನು ನಾನು.

“ಐದನೇ ತಿರುವಿನಾಗ ಅದರ ನೀರು ಕುದ್ದು ನಿಂತ್ಬಿಡ್ತು. ಇಬ್ರೂ ಬೆಣಿ ಕೊಟ್ವಿ. ಪೋಟೋ ತಗೀತೀವಿ, ಅತ್ತಾಗ ಹೋಗ್ರಿ ಅಂದ್ರು. ದೊಡ್ಡೋರು, ಇಲ್ಲ ಅನ್ನಾಕ ಆಕ್ಕತ್ರಿ? ಬೆಣಿ ಮೋಟಾರಿನ ಬುಡಕ ಬಿಟ್ಟು ತಿರುವಿನ ಕೆಳಗ ಹೋಗಿ ನಿಂತ್ವಿ. ಅವ್ರು ಭಾಳ ಹೊತ್ತು ತಗದ್ರು. ಅಷ್ಟರಾಗ ಕೆಳಗಿಂದ ಜೋಳದ ಗಾಡಿ ಬಂತು. ಮುಂದ ಮೋಟಾರು, ದಾರಿ ಇಲ್ಲ. ನಮ್ಮ ಕೈಯಾಗ ಬೆಣಿ ಇಲ್ಲ. ಎತ್ತು ತಡೀಲಿಲ್ರಿ, ಗಾಡಿ ಹಿಂದಕ ಜಾರಾಕ ಹತ್ತಿತು. ಅಕ್ಕ ದಾರಿ ಮ್ಯಾಲಿನ ಕಲ್ಲೊಂದು ತಗೊಂಡು ಗಾಲಿಗೆ ಕೊಟ್ಳು. ಗುಂಡನ್ನ ಕಲ್ಲು, ಉರುಳಿತು. ಕೈ ಗಾಲಿ ಬುಡಕ ಹೋತು.”

ಆಸ್ಪತ್ರೆಯಲ್ಲಿ ಮುಂಗೈಯವರೆಗೆ ಕತ್ತರಿಸಿ ತೆಗೆದರಂತೆ. ಬಲಗೈ. ನಿಂಗಕ್ಕ ಈಗ ಕಂಪ್ಲಿಯಲ್ಲಿ ಮಗಳ ಮನೆಯಲ್ಲಿದ್ದಾಳೆ.

“ಆ ಮೋಟಾರಿನೋರು?” ಎಂದು ಕೇಳುತ್ತೇನೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಉತ್ತರ ನನಗೇ ಗೊತ್ತಿದೆ.

“ಬೆಣಿ ದಾರಿ ಬಾಜು ಒಗದು ಹೋಗಿದ್ರು. ಅವ್ರಿಗೆ ಕೇಳಿಸಿರಂಗಿಲ್ಲ ಬಿಡ್ರಿ.”

ಕೇಳಿಸಿತ್ತು. ಕೆಳಗಿನಿಂದ ಬಂದ ಆ ಕೂಗನ್ನು ಗಾಡಿಯವರು ದಾರಿ ಬಿಡಿ ಎನ್ನುತ್ತಿದ್ದಾರೆಂದು ತಿಳಿದಿದ್ದೆವು. “ಇವರಿಗೇನಪ್ಪಾ ಅಷ್ಟು ಅವಸರ” ಎಂದು ವ್ಯಾಸರಾಜ ನಕ್ಕಿದ್ದ, ನಾನೂ ನಕ್ಕಿದ್ದೆ. ಅತ್ತ ಹೋಗಿ ಎಂದು ಆ ಇಬ್ಬರಿಗೂ ಕೈಬೀಸಿದವನು ನಾನೇ. ಅವರ ಹಳೇ ಸೀರೆಗಳು ಚಿತ್ರದಲ್ಲಿ ಬಂದರೆ ಚೆನ್ನಾಗಿ ಕಾಣುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಕಣ್ಣಿಗೆ ಬೀಳದವರನ್ನು ಹುಡುಕಿಕೊಂಡು ಬಂದವನು ನಾನು. ಕಣ್ಣಿಗೆ ಬಿದ್ದವರನ್ನು ಅತ್ತ ಸರಿಸಿದ್ದವನೂ ನಾನೇ.

ಹೇಳದೆ ಎದ್ದು ಹೋಗಬಹುದಿತ್ತು. ಹೋಗುವುದಿಲ್ಲ. “ಜಂಬವ್ವ, ಆ ಮೋಟಾರಿನಲ್ಲಿ ನಾನಿದ್ದೆ. ಅತ್ತ ಹೋಗಿ ಅಂದವನು ನಾನು” ಎನ್ನುತ್ತೇನೆ.

ಆಕೆ ನನ್ನ ಮುಖ ನೋಡುತ್ತಾಳೆ. ಅಷ್ಟರಲ್ಲಿ ಬುಡದಿಂದ ಗಾಡಿಯ ಗೆಜ್ಜೆ ಕೇಳಿಸುತ್ತದೆ. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಬೆಣೆ ಎತ್ತಿಕೊಂಡು ಇಳಿದು ಹೋಗುತ್ತಾಳೆ. ಗಾಡಿಯೊಂದಿಗೆ ಮತ್ತೆ ಏರಿ ಬರುತ್ತಾಳೆ. ನಾನು ಹಿಂದೆ ಹಿಂದೆ ನಡೆಯುತ್ತೇನೆ. ಕುಂತೈತಿ, ಎದ್ದೈತಿ, ಕುಂತೈತಿ. ಮೋಟಾರು ನಿಂತಿದ್ದ ಐದನೇ ತಿರುವೂ ಕಳೆಯುತ್ತದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆರನೇ ತಿರುವಿನಲ್ಲಿ ಬೆಣೆ ಒತ್ತಿ, ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಗಾಲಿಯ ಮೇಲಿನ ಕಣ್ಣು ಕೀಳದೆ ಹೇಳುತ್ತಾಳೆ:

“ಅಕ್ಕ ಇವತ್ತಿಗೂ ತಪ್ಪು ತನ್ನದ ಅಂತಾಳ್ರಿ. ಅವ್ವ ಅಷ್ಟು ಹೇಳಿದ್ಲು, ನಾ ಬೆಣಿ ಬಿಟ್ಟು ಬಂದೆ, ಅದಕ್ಕ ಹಿಂಗಾತು ಅಂತ. ಒಂಬತ್ತು ವರ್ಷ ಅದನ್ನ ಅಂತಾಳ. ನಾ ಹೇಳಿದ್ರ ಕೇಳಂಗಿಲ್ಲ. ನೀವು ಕಂಪ್ಲಿಗೆ ಹೋಗಿ ಹೇಳ್ರಿ. ನಿಮ್ಮನ್ನ ಅತ್ತಾಗ ನಾವ ಕಳಿಸಿದ್ವಿ ಅಂತ ಹೇಳ್ರಿ. ಬ್ಯಾರೆ ಏನೂ ಬ್ಯಾಡ.”

ನಾಳೆ ಬೆಳಿಗ್ಗೆಯೇ ಹೋಗುತ್ತೇನೆ ಎನ್ನುತ್ತೇನೆ. ವ್ಯಾಸರಾಜನನ್ನೂ ಕರೆದುಕೊಂಡು ಹೋಗಬೇಕು. ನಿಂಗಕ್ಕ ನಂಬುತ್ತಾಳೋ ಇಲ್ಲವೋ, ನಂಬಿದರೆ ಏನನ್ನುತ್ತಾಳೋ, ನನಗೆ ಈಗಲೇ ಭಯವಾಗುತ್ತಿದೆ.

ಹೆಗಲ ಮೇಲಿನ ಕ್ಯಾಮೆರಾ ಭಾರವೆನಿಸುತ್ತದೆ. ಚೀಲದೊಳಗಿಟ್ಟುಬಿಡೋಣವೆಂದು ಪಟ್ಟಿ ಬಿಚ್ಚುತ್ತೇನೆ. ಚಿತ್ರ ತೆಗೆಯಲು ಸಿದ್ಧನಾಗುತ್ತಿದ್ದೇನೆಂದು ತಿಳಿದ ಜಂಬವ್ವ ಒಮ್ಮೆ ಸೆರಗು ಸರಿಮಾಡಿಕೊಂಡು, ಮತ್ತೆ ಬೆಣೆಯ ಮೇಲೆ ಕೈಯಿಡುತ್ತಾಳೆ.

“ಪೋಟೋ ಬೇಕಂದ್ರ ತಗೀರಿ. ಆದ್ರ ಬೆಣಿ ಬಿಟ್ಟು ನಾ ಅತ್ತಾಗ ಹೋಗಂಗಿಲ್ರಿ. ಒಂದ್ಸಲ ಹೋಗಿದ್ವಿ.”