ಸಯನ್‌ನಲ್ಲಿ ಕೇಳಿದ ಏಡಿಯ ಪ್ರಶ್ನೆ

ಕುಂದಾಪುರದಿಂದ ಹೊರಟ ರೈಲು ಥಾಣೆ ಮುಟ್ಟಿದ್ದು ಬೆಳಗಿನ ಆರಕ್ಕೆ ಎಂದು ನನ್ನ ಟಿಪ್ಪಣಿಯಲ್ಲಿದೆ. ನನಗೆ ನೆನಪಿರುವುದು ಸುಡುವ ಬಿಸಿಲು. ಎರಡರಲ್ಲಿ ಒಂದು ಸುಳ್ಳು. ಅಲ್ಲಿಂದ ಲೋಕಲ್ ಹತ್ತಿ ಸಯನ್‌ನಲ್ಲಿ ಇಳಿದೆ. ತಮ್ಮ ಸುಧಾಕರ ಸ್ಟೇಷನ್ನಿನ ಮೆಟ್ಟಿಲ ಬಳಿ ಕಾಯುತ್ತಿದ್ದ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವನು ಅಡುಗೆಯವನು. ಐದು ತಿಂಗಳಿಂದ ಟಿಬಿ ಮಾತ್ರೆ ನುಂಗುತ್ತಿದ್ದರೂ ಕೆಮ್ಮಿದಾಗ ಬರುವ ಕಫ ತುಕ್ಕಿನ ಬಣ್ಣದ್ದೇ. ಅದು ನಿಲ್ಲುವವರೆಗೆ ಒಲೆಯ ಹತ್ತಿರ ಬರಬೇಡ ಎಂದು ಧಣಿ ಹೇಳಿಬಿಟ್ಟಿದ್ದರು.

ಹೋಟೆಲಿನ ಮ್ಯಾನೇಜರ್ ಭಟ್ರೂ ಬಂದಿದ್ದರು. ಪ್ರತಿ ಸಲ ಇವನನ್ನು ಡಾಕ್ಟರ ಬಳಿ ಕರೆದೊಯ್ಯುವವರು ಅವರೇ. ಮೂವರೂ ಇಡ್ಲಿ ತಿಂದು ಹೊಸ ಡಾಕ್ಟರ ಕ್ಲಿನಿಕ್ಕಿಗೆ ನಡೆದೆವು. ಡಾಕ್ಟರು ಮುಂಬಯಿಯಲ್ಲೇ ಹುಟ್ಟಿದ ಕನ್ನಡದ ಹುಡುಗಿ, ಮಾತು ತಡವರಿಸುತ್ತಿತ್ತು.

“ಟಿಬಿ ಯಾವ ಟೆಸ್ಟ್‌ನಲ್ಲೂ ಬಂದಿಲ್ಲ. ಎಕ್ಸ್‌ರೇ ನೋಡಿ ಮಾತ್ರೆ ಸ್ಟಾರ್ಟ್ ಮಾಡಿದ್ದಾರೆ. ಅಂಕಲ್, ನೀವು ಏಡಿ ತಿಂತೀರಾ? ಕಚ್ಚಾ?”

“ಛೆ! ನಾನು ಮೀನೂ ಮುಟ್ಟುದಿಲ್ಲ,” ಎಂದ ಸುಧಾಕರ, ಭಟ್ರ ಕಡೆ ನೋಡಿ. ಸಸ್ಯಾಹಾರಿ ಹೋಟೆಲು, ಕೆಲಸಕ್ಕೆ ಸೇರಿದ ದಿನದಿಂದ ಹೇಳುತ್ತ ಬಂದ ಮಾತು. ಹಿಂದಿನ ಡಾಕ್ಟರಿಗೂ ಇದನ್ನೇ ಹೇಳಿದ್ದನಂತೆ.

ನಾನು ಭಟ್ರನ್ನು ಚಹಾ ತರಲು ಕಳಿಸಿದೆ. ಆಮೇಲೆ ಹೇಳಿದೆ: ಹೋದ ಮಳೆಗಾಲ ಊರಿಗೆ ಬಂದಾಗ ಇವನಿಗೆ ಕೆಮ್ಮು. ಅಮ್ಮ ತೋಡಿನ ಏಡಿ ಜಜ್ಜಿ, ಹಸಿ ರಸ ಹಿಂಡಿ ಕುಡಿಸಿದ್ದಳು.

ಸುಧಾಕರ ನನ್ನತ್ತ ತಿರುಗಿದ. “ನನಗಲ್ಲ ಮಾರಾಯ್ತಿ, ನಿನಗೆ! ಕೆಮ್ಮು ಇದ್ದದ್ದೇ ನಿನಗೆ.”

ಅಮ್ಮನಿಗೆ ಫೋನು ಮಾಡಿದೆ. “ಯಾರಿಗೋ ಕೊಟ್ಟೆ, ಯಾರೋ ಉಗುಳಿದ್ರಿ. ಈಗೆಂತ ಅದು?” ಎಂದಳು.

ಡಾಕ್ಟರು ನಕ್ಕು ಎರಡು ಡಬ್ಬಿ ಮುಂದಿಟ್ಟರು. “ಇಬ್ಬರೂ ಕೆಮ್ಮಿ.”

ಮರುದಿನ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಒಂದು ತುದಿಗೆ ಮುಚ್ಚಳವಿರುವ, ಜೇನು ಬಣ್ಣದ ಮೊಟ್ಟೆ. ಏಡಿಯಿಂದ ಹೊಟ್ಟೆಗೆ ಹೋಗಿ, ಶ್ವಾಸಕೋಶದಲ್ಲಿ ಬೀಡುಬಿಟ್ಟ ಹುಳದ್ದು. ಸಿಕ್ಕಿದ್ದು ಸುಧಾಕರನ ಡಬ್ಬಿಯಲ್ಲಿ. ನನ್ನದರಲ್ಲಿ ಏನೂ ಇರಲಿಲ್ಲ. ಆದರೆ ಕುಡಿದದ್ದು ನಾನೇ ಎಂದು ಅವನು ಹೇಳಿದಂದಿನಿಂದ ಆ ರಸದ ರುಚಿ ನನ್ನ ನಾಲಗೆಯ ಮೇಲೇ ಇದೆ.

ಟಿಬಿ ಮಾತ್ರೆ ನಿಂತಿತು. ಹುಳದ ಮಾತ್ರೆ ದಿನಕ್ಕೆ ಮೂರು ಹೊತ್ತು, ಮೂರು ದಿನ. “ಕೆಮ್ಮು ಕೂಡಲೇ ಹೋಗಲ್ಲ. ಕಲರ್ ನೋಡ್ತಾ ಇರಿ,” ಎಂದರು ಡಾಕ್ಟರು.

ಭಟ್ರಿಗೆ ಹೇಳಲೇಬೇಕಾಯಿತು. ಅವರು ಚಹಾ ಊದುತ್ತ, “ಮೊದಲೇ ಹೇಳಿದ್ರೆ ನಾನೇನು ನಿನ್ನನ್ನೇ ತಿಂತಿದ್ನಾ? ಕಫ ಬಿಳಿಯಾದ ದಿನ ಬಾ. ನಿನ್ನ ಸಾಂಬಾರಿಲ್ಲದೆ ಗಿರಾಕಿಗಳು ಬಯ್ತಿದ್ದಾರೆ,” ಎಂದರು.

ಐದನೆಯ ದಿನ, ಆರನೆಯದೂ ಇರಬಹುದು, ಮಧ್ಯಾಹ್ನ ಕುರ್ಲಾದಲ್ಲಿ ವಾಪಸು ರೈಲು ಹತ್ತಿದೆ. ಗಾಡಿ ಅಲುಗಿದಾಗ ಪ್ಲಾಟ್‌ಫಾರ್ಮಿನಲ್ಲಿ ಸುಧಾಕರ ಕೆಮ್ಮಿದ. ಕರವಸ್ತ್ರ ಬಿಡಿಸಿ ನೋಡಿದ. ಆಮೇಲೆ ಅದನ್ನು ನನ್ನತ್ತ ಎತ್ತಿ ಹಿಡಿದ. ನಗುತ್ತಿದ್ದನೋ, ಬಿಸಿಲಿಗೆ ಮುಖ ಕಿವುಚಿದ್ದನೋ; ಅಷ್ಟರಲ್ಲಿ ರೈಲು ದೂರ ಬಂದಿತ್ತು.

ಬಿಳಿಯೇ ಇತ್ತು ಎಂದು ಅಮ್ಮನಿಗೆ ಹೇಳಿದ್ದೇನೆ.